ನಾನು ಕತ್ತರಿಸಿದ ನಾಲ್ಕು ಸಾಲು

ಎಂ.ಎ. ಓದುವಾಗ ನಾನು ಒಬ್ಬ ಇಂಗ್ಲಿಷ್ ಕವಿಯ ಬದುಕು ಮತ್ತು ಬರಹದ ಕುರಿತು ಪ್ರಬಂಧ ಬರೆದಿದ್ದೆ. ಅವನು ಹೊಲದ ಕೂಲಿಯ ಮಗ, ತಾನೂ ಕೂಲಿ. ಊರಿನ ಗೋಮಾಳಕ್ಕೆ ಜಮೀನುದಾರರು ಬೇಲಿ ಹಾಕಿದ್ದನ್ನು ಕಂಡು ಪದ್ಯ ಕಟ್ಟಿದವನು. ಅವನ ಪುಸ್ತಕಕ್ಕೆ ಆಸರೆಯಾಗಿದ್ದ ಸಿರಿವಂತರಿಗೆ ಹಕ್ಕಿ, ಹೂವುಗಳ ಸಾಲುಗಳು ಹಿಡಿಸಿದವು. ಬೇಲಿಯ ಸಾಲುಗಳು ಹಿಡಿಸಲಿಲ್ಲ. ಮರುಮುದ್ರಣದಲ್ಲಿ ಅವು ಇರಲಿಲ್ಲ. ಕತ್ತರಿ ಹಿಡಿದ ಕೈ ಯಾರದೆಂದು ಸಾಹಿತ್ಯ ಚರಿತ್ರೆ ಕೇಳಲೇಬೇಕು ಎಂಬ ಮಾತಿನಿಂದ ನನ್ನ ಪ್ರಬಂಧ ಮುಗಿದಿತ್ತು. ಅದನ್ನು ಬರೆಯುವಾಗ ಎಷ್ಟು ಸಿಟ್ಟಿತ್ತೆಂದರೆ, ಮಾರ್ಗದರ್ಶಕರು ನಾಲ್ಕೈದು ವಿಶೇಷಣಗಳನ್ನು ತೆಗೆಸಿದ್ದರು.

ಈಗ ಕೊಲ್ಲಿ ದೇಶದ ಖಲೀಫಾ ಸಿಟಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಳೆದ ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡ ಸಂಘದವರು ನನಗೆ ಎರಡು ಕೆಲಸ ಒಪ್ಪಿಸಿದರು: ಸ್ಮರಣ ಸಂಚಿಕೆಯ ಸಂಪಾದನೆ ಮತ್ತು ಅದರ ಬಿಡುಗಡೆಯ ದಿನ ಮೆಚ್ಚಿನ ಕವಿಯ ಬಗ್ಗೆ ಒಂದು ಉಪನ್ಯಾಸ.

ನಮ್ಮ ಸ್ಮರಣ ಸಂಚಿಕೆಗಳು ಹೇಗಿರುತ್ತವೆಂದು ಇಲ್ಲಿನವರಿಗೆ ಗೊತ್ತು. ಮೊದಲು ಪ್ರಾಯೋಜಕರ ಫೋಟೋ, ಶುಭಾಶಯ, ಆಮೇಲೆ ಜಾಹೀರಾತು, ಅವುಗಳ ನಡುವೆ ಉಳಿದ ಜಾಗದಲ್ಲಿ ಕವಿತೆ. ಮುಸಫ್ಫಾದ ಕಾರ್ಮಿಕರ ಕ್ಯಾಂಪಿನಿಂದ ಒಬ್ಬ ವೆಲ್ಡರ್ ಕವಿತೆ ಕಳಿಸಿದ್ದರು. ಉಡುಪಿ ಕಡೆಯವರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಕಾಗದದ ಮೇಲೆ ಬರೆದು ಫೋಟೋ ತೆಗೆದು ವಾಟ್ಸಾಪ್ ಮಾಡಿದ್ದರು. ಬೆಳಗಿನ ಕಂಪೆನಿ ಬಸ್ಸು, ಕಿಟಕಿಗೆ ತಲೆಯಾನಿಸಿ ನಿದ್ರಿಸುವವರು, ಮಡಿಲಲ್ಲಿ ಬುತ್ತಿ. ಕೊನೆಯ ನಾಲ್ಕು ಸಾಲಿನಲ್ಲಿ ಒಬ್ಬ ಕಟ್ಟಡಕ್ಕೆ ಕಟ್ಟಿದ ಸ್ಕ್ಯಾಫೋಲ್ಡಿಂಗ್‌ನಿಂದ ಬೀಳುತ್ತಾನೆ. ಸಂಜೆ ಬಸ್ಸಿನಲ್ಲಿ ಅವನ ಬುತ್ತಿ ಮಾತ್ರ ಮರಳುತ್ತದೆ, ಯಾರೂ ಏನೂ ಕೇಳುವುದಿಲ್ಲ.

ಆ ನಾಲ್ಕು ಸಾಲನ್ನು ನಾನು ತೆಗೆದೆ. ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ. ಹಿಂಬದಿಯ ರಕ್ಷಾಪುಟಕ್ಕೆ ಒಂದು ಕಟ್ಟಡ ಕಂಪೆನಿಯ ಜಾಹೀರಾತು ಬಂದಿತ್ತು, ಅಷ್ಟೆ. ಪುಟಕ್ಕೆ ಹೊಂದುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಬಿಡುಗಡೆಯ ದಿನ ನನ್ನ ಉಪನ್ಯಾಸ ಚೆನ್ನಾಗಿಯೇ ಆಯಿತು. ಕವಿಯ ಬೇಲಿಯ ಸಾಲುಗಳನ್ನು ಅಳಿಸಿದವರನ್ನು ಹೆಸರು ಹೇಳದೆ ಖಂಡಿಸಿದೆ. ಅವು ಮತ್ತೆ ಅಚ್ಚಾಗಲು ನೂರೈವತ್ತು ವರ್ಷ ಬೇಕಾಯಿತು ಎಂದೆ. ಚಪ್ಪಾಳೆ ಬಿತ್ತು. ಚಹಾ ವಿರಾಮದಲ್ಲಿ ಆ ವೆಲ್ಡರ್ ಸಂಚಿಕೆ ಹಿಡಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದಲ್ಲಿ ನಗು.

"ನಿಮ್ಮ ಕವಿಯ ಕಥೆ ಲಾಯ್ಕುಂಟು ಟೀಚರೆ. ನನ್ನ ಬಸ್ಸು ಮಾತ್ರ ಅರ್ಧ ದಾರಿಯಲ್ಲಿ ನಿಂತಿದೆಯಲ್ಲ?"

ಜಾಗ ಸಾಲಲಿಲ್ಲ ಎಂದೆ. ಅವರು ಪುಟ ತೆರೆದು ತೋರಿಸಿದರು: ಕವಿತೆಯ ಕೆಳಗೆ ಅಂಗೈಯಗಲದ ಖಾಲಿ ಜಾಗ, ಅದರಲ್ಲೊಂದು ಹೂವಿನ ಚಿತ್ರ.

"ಅವನ ಸಾಲು ಸಿಗ್ಲಿಕ್ಕೆ ನೂರೈವತ್ತು ವರ್ಷ ಆಯ್ತು ಅಂದ್ರಿ. ನನ್ನ ವೀಸಾ ಎರಡು ವರ್ಷದ್ದು."

ಕತ್ತರಿ ಹಿಡಿದ ಕೈ ಯಾರದೆಂದು ಪ್ರಬಂಧದಲ್ಲಿ ಕೇಳುವುದು ಎಷ್ಟು ಸುಲಭವಾಗಿತ್ತು! ಕೊನೆಗೆ, ಇವತ್ತಿನ ವಂದನಾರ್ಪಣೆಯೂ ನನ್ನದೇ, ಆಗ ಆ ನಾಲ್ಕು ಸಾಲು ಓದಲೇ, ನಿಮಗೆ ತೊಂದರೆಯಾದೀತೇ ಎಂದು ಕೇಳಿದೆ.

ಅವರು ಸಂಚಿಕೆ ಮುಚ್ಚಿದರು. "ಹೆಸರು ಬೇಕಾದ್ರೆ ಬಿಡಿ. ಸಾಲು ಬಿಡಬೇಡಿ."

ವೇದಿಕೆಗೆ ಹೋಗಿ, ಧನ್ಯವಾದ ಹೇಳಬೇಕಾದವರ ಪಟ್ಟಿಯನ್ನು ಮಡಚಿಟ್ಟು, ಸಂಚಿಕೆಯ ಒಂದು ಕವಿತೆಯಿಂದ ನಾಲ್ಕು ಸಾಲು ತೆಗೆದವಳು ನಾನು, ನನ್ನ ಅಂಜಿಕೆಯಿಂದಲೇ ತೆಗೆದೆ ಎಂದು ಹೇಳಿದೆ. ಫೋನಿನಲ್ಲಿದ್ದ ಫೋಟೋ ನೋಡಿ ಓದತೊಡಗಿದೆ. ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಮುಂದಿನ ಸಾಲಿನಲ್ಲಿದ್ದ ಪ್ರಾಯೋಜಕರೊಬ್ಬರು ಪುಟ ತಿರುವಿ ಆ ಸಾಲುಗಳನ್ನು ಹುಡುಕುತ್ತಿದ್ದರು. ಹೊರಗೆ ಮುಸಫ್ಫಾದ ಬಸ್ಸು ಹಾರ್ನ್ ಹೊಡೆಯಿತು. ಬಾಗಿಲ ಬಳಿ ನಿಂತಿದ್ದ ಆ ವೆಲ್ಡರ್ ಒಂದೊಂದು ಸಾಲಿಗೆ ಒಂದೊಂದು ಬೆರಳು ಮಡಚುತ್ತಿದ್ದರು. ನಾಲ್ಕನೆಯದನ್ನೂ ಮಡಚಿದ ಮೇಲೆ ಬಸ್ಸಿನ ಕಡೆ ನಡೆದರು.