ಇಳಿಜಾರಿನಲ್ಲಿ ಕೈಕೊಟ್ಟ ಬ್ರೇಕು

ಫಿಟ್ಟರ್ ಮಾವನ ಬಗ್ಗೆ ನಮ್ಮ ಬೀದಿಯವರು ಆಡುತ್ತಿದ್ದುದು ಒಂದೇ ಮಾತು: “ಆ ಮನುಷ್ಯ ಕೂತಿದ್ದನ್ನ ನೋಡಿದೋರಿಗೆ ಬಹುಮಾನ ಕೊಡ್ಬೇಕು.” ಊಟಕ್ಕೆ ಕೂತರೂ ನಡುವೆ ಎದ್ದು ಹೋಗಿ ನಲ್ಲಿ ತಿರುಗಿಸಿ ನೋಡುವರು, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಡುವರು. ಬಸ್ ಡಿಪೋದವರು ಅವರಿಗೆ ನಿವೃತ್ತಿ ಕೊಟ್ಟಿದ್ದರು, ಕೈಗಳಿಗೆ ಹೇಳುವುದನ್ನು ಮರೆತಿದ್ದರು. ಹೆಂಡತಿ ಟೀಚರಮ್ಮ ತದ್ವಿರುದ್ಧ, ಮನೆ ಉರಿದರೂ ಚಪ್ಪಲಿ ಹುಡುಕಿ ಮೆಟ್ಟಿಕೊಂಡೇ ಹೊರಬರುವವರು. ಅವರಪ್ಪನ ಕಾಲದ ಕಾರನ್ನು ಓಡಿಸುತ್ತಿದ್ದವರೂ ಅವರೇ. ಮಾವ ಸ್ಟೇರಿಂಗ್ ಹಿಡಿದರೆ ಕಿವಿಯೆಲ್ಲ ಇಂಜಿನ್ ಮೇಲೆ, ರಸ್ತೆ ದೇವರ ಪಾಲು.

ಅಂಗಡಿ, ಆಸ್ಪತ್ರೆ ಅಂತ ಹತ್ತಿರದಲ್ಲೇ ಸುತ್ತಿಕೊಂಡಿದ್ದ ಆ ಕಾರು, ಗುಡ್ಡದ ಮೇಲಿದ್ದ ಟೀಚರಮ್ಮನ ಅಕ್ಕ ಹಾಸಿಗೆ ಹಿಡಿದ ಮೇಲೆ ದಿನಾ ಗುಡ್ಡ ಹತ್ತಿ ಇಳಿಯತೊಡಗಿತು. ಒಂದು ಸಂಜೆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಬೆಣ್ಣೆಯೊಳಗೆ ಇಳಿದಂತೆ ಸೀದಾ ತಳ ಮುಟ್ಟಿತು. ಟೀಚರಮ್ಮ ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮಣ್ಣಿನ ದಿಬ್ಬಕ್ಕೆ ಒರಗಿಸಿ ಬದುಕಿಕೊಂಡರು. ಸುದ್ದಿ ತಿಳಿದು ಮಾವ ಎದ್ದೂ ಬಿದ್ದೂ ಹೋಗಿ ಒತ್ತಿ ನೋಡಿದರೆ ಪೆಡಲ್ ಕಲ್ಲಿನಷ್ಟು ಗಟ್ಟಿ!

ಬ್ರೇಕಿನ ಎಣ್ಣೆ ಬದಲಾಯಿತು, ರಬ್ಬರ್ ಬದಲಾಯಿತು, ಚಕ್ರದೊಳಗಿನ ಬ್ರೇಕ್ ಶೂ ಬದಲಾಯಿತು. ಅಂಗಳದಲ್ಲಿ ಕಾರು ಹೇಳಿದಂತೆ ಕೇಳಿತು. ಗುಡ್ಡದಲ್ಲಿ ಮತ್ತೆ ಅದೇ ಹಾಡು.

“ನೀನು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯ ಕಣೇ,” ಎಂದರು ಮಾವ.

“ಮತ್ತೆ? ಇಷ್ಟು ವರ್ಷ ಕಾಲನ್ನ ಮನೇಲಿ ಬಿಟ್ಟು ಹೋಗ್ತಿದ್ನಾ?” ಟೀಚರಮ್ಮ ಕಾರಿನ ಕೀಲಿಕೈಯನ್ನು ಮೇಜಿಗೆ ಎಸೆದರು. “ಇನ್ನು ನಾನು ಮುಟ್ಟಲ್ಲ.”

ಮೇಲಿನಿಂದ ಅಕ್ಕ ದಿನಾ ಫೋನ್ ಮಾಡುವರು: “ಇವತ್ತೂ ಬರಲ್ವೇನೇ?” ಟೀಚರಮ್ಮ “ನಾಳೆ ನೋಡ್ತೀನಿ” ಎಂದು ಫೋನಿಡುವರು. ಮಾವ ಅಂಗಳಕ್ಕೂ ಅಡುಗೆಮನೆಗೂ ಸುತ್ತುವರು. ಕೊನೆಗೆ ತಡೆಯಲಾರದೆ, “ನಡಿ. ನಾನೂ ಬರ್ತೀನಿ. ನಿನ್ನ ಪಾದ ನೋಡ್ಕೊಂಡು ಕೂರ್ತೀನಿ,” ಎಂದರು.

“ನೋಡಿ. ಮದ್ವೆಯಾದಾಗಿಂದ ನೋಡಿರ್ಲಿಲ್ಲ.”

ಏರಿನುದ್ದಕ್ಕೂ ಪಾದ ಬ್ರೇಕಿನ ಹತ್ತಿರವೂ ಸುಳಿಯಲಿಲ್ಲ. ಮೇಲೆ ಮುಟ್ಟಿದ್ದೇ ಮಾವ ಇಳಿದು ಚಕ್ರದ ನಡುವೆ ಕೈಯಿಟ್ಟರೆ ಬೆರಳು ಚುರ್ರೆಂದಿತು. ನಾಲ್ಕೂ ಚಕ್ರ ಹಾಗೇ. ಬ್ರೇಕನ್ನೇ ಒತ್ತದೆ ಇಷ್ಟು ಕಾವು ಎಲ್ಲಿಂದ? ಜಾಕ್ ಕೊಟ್ಟು ಎತ್ತಿದರೆ ಚಕ್ರ ತಿರುಗಲೊಲ್ಲದು. ಪೆಡಲಿನ ಹಿಂದೆ ಬ್ರೇಕ್ ಎಣ್ಣೆಯನ್ನು ತಳ್ಳುವ ಸರಳಿನ ನಟ್ ಸಡಿಲಿಸಿ ಸರಳನ್ನು ಗಿಡ್ಡ ಮಾಡಿದರು. ಚಕ್ರ ಬುಗುರಿಯಂತೆ ತಿರುಗಿತು.

ಆ ಸರಳನ್ನು ಉದ್ದ ಮಾಡಿದ್ದವರು ಮಾವನೇ. ಹೆಂಡತಿಯ ಮೊಣಕಾಲಿನ ಆಪರೇಷನ್ ಆದಾಗ, ಮುಟ್ಟಿದರೆ ಸಾಕು ಬ್ರೇಕ್ ಹಿಡಿಯಲಿ ಎಂದು ಪೆಡಲಿನ ಸಡಿಲವನ್ನೆಲ್ಲ ತೆಗೆದಿದ್ದರು. ಪ್ರತಿ ರಿಪೇರಿಯಲ್ಲೂ ಅದೇ ಅಳತೆಗೆ ಜೋಡಿಸುತ್ತಿದ್ದರು. ಕಾಲು ತೆಗೆದರೂ ಎಣ್ಣೆ ಪೂರ್ತಿ ಹಿಂದಿರುಗದೆ ಬ್ರೇಕು ಚಕ್ರಕ್ಕೆ ಸವರಿಕೊಂಡೇ ಇರುತ್ತಿತ್ತು. ಹತ್ತಿರದ ಓಡಾಟದಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ದೂರ ಹೋದರೆ ಎಣ್ಣೆ ಕುದಿದು ಗುಳ್ಳೆಯೇಳುವುದು, ಒತ್ತಿದ್ದೆಲ್ಲ ಗುಳ್ಳೆಯ ಪಾಲು. ತಣ್ಣಗಾದರೆ ಮತ್ತೆ ಸರಿ.

ಮಾವ ರಸ್ತೆಯಲ್ಲೇ ಕುಸಿದು ಕೂತರು. “ನಿನ್ನ ಕಾಲಲ್ಲ ಕಣೇ. ನನ್ನ ಕೈ. ನಾನೇ ನಿನ್ನನ್ನ...”

ಟೀಚರಮ್ಮ ಅವರನ್ನೇ ನೋಡಿದರು. “ನನಗೋಸ್ಕರ ಮಾಡಿದ್ದು ಅಂತ ಒಂದ್ಮಾತು ಆಗ್ಲೇ ಹೇಳ್ಬಾರ್ದಿತ್ತಾ?”

“ಇನ್ಮೇಲೆ ಪೆಡಲ್ ಜಾಸ್ತಿ ಒತ್ಬೇಕು. ಮೊಣಕಾಲು ನೋಯತ್ತೆ.”

“ಮೊಣಕಾಲು ನಂದು. ನಟ್ ಬಿಗೀರಿ, ಅಕ್ಕ ಕಾಯ್ತಿದ್ದಾಳೆ.”

ಮಳೆಗಾಲ ಕಳೆಯುವಷ್ಟರಲ್ಲಿ ಅಕ್ಕನನ್ನು ಒಂಟಿಯಾಗಿ ಬಿಡುವಂತಿರಲಿಲ್ಲ. ಗಂಡ ಹೆಂಡತಿ ಬಾಡಿಗೆ ಮನೆ ಬಿಟ್ಟು ಅಲ್ಲಿಗೇ ಹೊರಟರು. ಹಾಸಿಗೆ, ಪಾತ್ರೆ ಕಾರಿಗೇರಿದ ಮೇಲೂ ಮಾವ ಇಳಿದಿಳಿದು ಚಕ್ರ ಮುಟ್ಟುತ್ತಿದ್ದರು.

“ಇನ್ನೊಂದ್ಸಲ ಇಳಿದ್ರೆ ಬಿಟ್ಟೇ ಹೋಗ್ತೀನಿ, ರೀ!”

ಮಾವ ಹತ್ತಿ ಕೂತರು. ಬೀದಿಯ ಕೊನೆಯಲ್ಲಿ ಅಡ್ಡ ಯಾರೂ ಇರಲಿಲ್ಲ. ಆದರೂ ಟೀಚರಮ್ಮ ಗಂಡನಿಗೆ ತೋರಿಸುವವರಂತೆ ಬ್ರೇಕ್ ಒತ್ತಿದರು. ಕಾರು ನಿಂತಿತು. ಅವರು ಗಂಡನ ಕಡೆ ತಿರುಗಿ ಏನೋ ಹೇಳಿದ್ದು ಬೀದಿಯಲ್ಲಿ ನಿಂತಿದ್ದ ನಮಗೆ ಕಂಡಿತು. ಆಮೇಲೆ ಗುಡ್ಡದ ದಾರಿ ಹಿಡಿದರು.