ಬಾತುಕೋಳಿಯ ಪುಕ್ಕ, ನನ್ನ ಬೆವರು

ಹಾಸಿಗೆ ಬಟ್ಟೆಯ ವಿಷಯದಲ್ಲಿ ನನ್ನದು ಸ್ವಲ್ಪ ಅತಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಯಾವ ದಿಂಬನ್ನು ಯಾವತ್ತು ಬಿಸಿಲಿಗೆ ಹಾಕಿದೆ, ಯಾವ ರಗ್ಗಿನ ಅಂಚು ಬಿಟ್ಟಿದೆ ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಬಲ್ಲೆ. ಅಂಥವಳು ಹೋದ ವರ್ಷ ಒಂದು ಸ್ಲೀಪಿಂಗ್ ಬ್ಯಾಗ್ ಆರಿಸಲಾರದೆ ಮೂರು ವಾರ ಒದ್ದಾಡಿದೆ.

ವಿದ್ಯಾರಣ್ಯಪುರದ ನಮ್ಮ ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಮಾಡುವ ನಾವು ಆರು ಹೆಂಗಸರು ಹಿಮಾಲಯಕ್ಕೆ ಚಾರಣ ಹೋಗುವುದೆಂದು ತೀರ್ಮಾನವಾಗಿತ್ತು. ನಾಯಕಿ ಗಿರಿಜಾ, ಹೈಸ್ಕೂಲ್ ಟೀಚರು. ಅವರು ಹೇಳಿದ ಮೇಲೆ ಮುಗಿಯಿತು. "ಡೌನ್ ತಗೊಳ್ಳಿ ಕಣ್ರೀ, ಮಡಚಿದ್ರೆ ತೆಂಗಿನಕಾಯಿಯಷ್ಟಾಗತ್ತೆ" ಎಂದರು. ಡೌನ್ ಅಂದರೆ ಬಾತುಕೋಳಿಯ ಎದೆಯ ತುಪ್ಪುಳ. ಬೆಚ್ಚಗಿಡುವುದು ಆ ಪುಕ್ಕವಲ್ಲವಂತೆ, ಅದರ ನಡುವೆ ಸಿಕ್ಕಿಕೊಂಡ ಗಾಳಿಯಂತೆ. ಒದ್ದೆಯಾದರೆ ಮಾತ್ರ ನೀರು ಹೆಚ್ಚಾದ ಅವಲಕ್ಕಿಯ ಹಾಗೆ ಮುದ್ದೆ. ಇನ್ನೊಂದು ಸಿಂಥೆಟಿಕ್. ತೂಕ ಜಾಸ್ತಿ, ಎಷ್ಟು ಬಿಗಿದು ಕಟ್ಟಿದರೂ ದಿಂಬಿನಷ್ಟು ದಪ್ಪ. ಆದರೆ ನೆನೆದರೂ ಪೂರ್ತಿ ಕೈಬಿಡುವುದಿಲ್ಲ, ಬೇಗ ಒಣಗುತ್ತದೆ. ಕುರಿ ಕಾಯುವವರ ಕರಿ ಕಂಬಳಿಯೂ ಮಳೆಯಲ್ಲಿ ನೆನೆದುಕೊಂಡೇ ಬೆಚ್ಚಗಿಡುತ್ತದೆ. ಆದರೆ ಅದನ್ನು ಹೊತ್ತು ಬೆಟ್ಟ ಹತ್ತಲು ಕುರಿ ಕಾಯುವವರ ಮೊಣಕಾಲೂ ಬೇಕು.

ಇಷ್ಟೆಲ್ಲ ಓದಿಕೊಂಡಿದ್ದರೂ ನನ್ನ ಕಷ್ಟ ಬೇರೆಯೇ ಇತ್ತು. ನನಗೆ ಐವತ್ತೊಂದು. ಮುಟ್ಟು ನಿಲ್ಲುವ ಕಾಲ. ನಾಲ್ಕು ವರ್ಷದಿಂದ ಹೀಗೇ: ಮಲಗಿದ್ದಾಗ ಇದ್ದಕ್ಕಿದ್ದಂತೆ ಮೈಯೊಳಗೆ ಒಲೆ ಹೊತ್ತುತ್ತದೆ, ನೈಟಿ ತೊಯ್ದು ತೊಪ್ಪೆಯಾಗುತ್ತದೆ, ಹತ್ತು ನಿಮಿಷಕ್ಕೆ ಚಳಿ. ಡೇರೆಯಲ್ಲಿ ಇನ್ನೊಬ್ಬರ ಪಕ್ಕ ಮಲಗಿ ಈ ಸಂಭ್ರಮವನ್ನೆಲ್ಲ ನಡೆಸುವುದು ಹೇಗೆ? ಹಿಮಾಲಯ ನೋಡುವ ಆಸೆ ಮದುವೆಗೆ ಮುಂಚಿನದು. ಆದರೂ ಸರಿಯಾದ ಬ್ಯಾಗು ಸಿಗಲಿಲ್ಲವೆಂದು ನೆಪ ಹೇಳಿ ಹಿಂದೆ ಸರಿಯೋಣ ಎಂದು ಒಳಗೊಳಗೇ ನಿರ್ಧರಿಸಿಬಿಟ್ಟಿದ್ದೆ.

ನನ್ನ "ನೋಡ್ತಿದ್ದೀನಿ" ಕೇಳಿ ಕೇಳಿ ಸಾಕಾದ ನಮ್ಮವರೇ ಒಂದು ಭಾನುವಾರ ಆರ್.ಟಿ. ನಗರದ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿದ್ದ ಹುಡುಗಿ ಎರಡೂ ಬಗೆಯ ಚೀಲ ಬಿಡಿಸಿ ಹಾಸಿದಳು. ನಾನು ಅಭ್ಯಾಸಬಲದಿಂದ ಮೂಸಿ ನೋಡಿದೆ, ಹೊಲಿಗೆ ಎಳೆದು ನೋಡಿದೆ. ಅವಳು ನಗದೆ ಕೇಳಿದಳು: "ಆಂಟಿ, ರಾತ್ರಿ ಬೆವರ್ತೀರಾ?"

ನಾಲ್ಕು ವರ್ಷದಲ್ಲಿ ಇದನ್ನು ಕೇಳಿದವರೇ ಇರಲಿಲ್ಲ. ನಾನು "ಛೇ, ಇಲ್ಲಮ್ಮ" ಎನ್ನುವಷ್ಟರಲ್ಲಿ, ಬೂಟು ನೋಡುತ್ತ ನಿಂತಿದ್ದ ನಮ್ಮವರು ತಿರುಗದೆಯೇ ಹೇಳಿದರು: "ಬೆವರ್ತಾಳಮ್ಮ, ವಾರಕ್ಕೆ ಮೂರ್ನಾಲ್ಕು ಸಲ. ಎದ್ದು ಫ್ಯಾನು ಐದಕ್ಕಿಡ್ತಾಳೆ. ಪಾಪ, ನನಗೆ ಇನ್ನೊಂದು ರಗ್ಗು ಹೊದಿಸ್ತಾಳೆ."

"ನಿಮಗೆ ಎಚ್ಚರ ಇರ್ತಿತ್ತಾ?"

"ಆ ಗಾಳೀಲಿ ಯಾರಿಗೆ ಬರತ್ತೆ ಕಣೇ ನಿದ್ದೆ!"

ಏಪ್ರಿಲ್ ಸೆಖೆಯಲ್ಲೂ ಮಂಕಿ ಕ್ಯಾಪ್ ಹಾಕಿಕೊಂಡು ಮಲಗುವ ಈ ಮನುಷ್ಯನನ್ನು ನಾನು ಎಷ್ಟು ಆಡಿಕೊಂಡಿದ್ದೆ! ಒಂದು ದಿನವೂ ಫ್ಯಾನು ಆರಿಸೆಂದವರಲ್ಲ. ದಿಂಬು ರಗ್ಗುಗಳ ಲೆಕ್ಕವನ್ನೆಲ್ಲ ಇಟ್ಟವಳಿಗೆ ಪಕ್ಕದ ಟೋಪಿಯ ಕಾರಣ ಗೊತ್ತಿರಲಿಲ್ಲ.

ಹುಡುಗಿ ಆಗಲೇ ತುಪ್ಪುಳದ ಚೀಲ ಸುತ್ತಿ ಆಚೆಗಿಟ್ಟಿದ್ದಳು. "ಹಾಗಿದ್ರೆ ಸಿಂಥೆಟಿಕ್ಕೇ ಸರಿ ಆಂಟಿ. ಕಾಲ್ ಹತ್ರಾನೂ ಜಿಪ್ಪಿದೆ, ಸೆಖೆಯಾದ್ರೆ ಪಾದ ಆಚೆ ಹಾಕ್ಕೊಳ್ಳಿ. ನಮ್ಮಮ್ಮಂಗೂ ಇದನ್ನೇ ಕೊಟ್ಟಿದ್ದು. ಯಾವ ಕಲರ್ ಕೊಡ್ಲಿ?"

ಅಷ್ಟೇ. ನಾಲ್ಕು ವರ್ಷದ ನನ್ನ ಗುಟ್ಟು ಅಲ್ಲಿ ಚಪ್ಪಲಿಯ ಸೈಜಿನಂಥ ಒಂದು ಅಳತೆಯಾಗಿಬಿಟ್ಟಿತು. ಆ ಮಗು ಎಲ್ಲಿದ್ದರೂ ತಣ್ಣಗಿರಲಿ. ನೀಲಿ ತೆಗೆದುಕೊಂಡೆ, ಹೊರಟೂಬಿಟ್ಟೆ.

ಬೆಟ್ಟದಲ್ಲಿ ಎರಡನೆಯ ಬೆಳಗ್ಗೆ ಒದ್ದೆ ಚೀಲವನ್ನು ಡೇರೆಗಳ ನಡುವೆ ಕಟ್ಟಿದ್ದ ಹಗ್ಗದ ಮೇಲೆ ಹರವಿದೆ. ಚಹಾ ಬರುವಷ್ಟರಲ್ಲಿ ಮುಕ್ಕಾಲುಪಾಲು ಒಣಗಿತ್ತು. ಗಿರಿಜಾ ತಮ್ಮ ಡೌನ್ ಚೀಲ ಎತ್ತಿಕೊಂಡು ಬಂದರು, ಒಳಗೆಲ್ಲ ಗಂಟುಗಂಟು. "ಇಲ್ಲಿ ಮಂಜು ಜಾಸ್ತಿ ಕಣ್ರೀ" ಎಂದರು, ಎತ್ತಲೋ ನೋಡುತ್ತ. ನನ್ನದನ್ನು ನೆರಳಿಗೆ ಸರಿಸಿ ಬಿಸಿಲಿನ ಜಾಗ ಅವರಿಗೆ ಬಿಟ್ಟೆ. "ನಂದು ಮಂಜಲ್ಲ ರೀ, ಬೆವರು. ನಾಲ್ಕು ವರ್ಷದಿಂದ" ಎಂದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವರು ನನ್ನ ಮುಖ ನೋಡಿ, ಚೀಲದ ಒಂದು ತುದಿ ನನ್ನ ಕೈಗೆ ಕೊಟ್ಟರು. "ಹಿಡ್ಕೊಳ್ಳಿ, ಕೊಡವೋಣ. ಉಳಿದವರಿಗೆ ಹೇಳ್ಬೇಡಿ ಮತ್ತೆ."

ಆಗಲಿ ಎಂದೆ. ಅಷ್ಟರಲ್ಲಿ ಪಕ್ಕದ ಡೇರೆಯಿಂದ ಇನ್ನಿಬ್ಬರು ತಂತಮ್ಮ ಚೀಲ ಹೊತ್ತು, ಹಗ್ಗದಲ್ಲಿ ಜಾಗ ಹುಡುಕುತ್ತ ಬಂದರು.