ಕೊನೆಯ ಸಾಲಿನಲ್ಲಿ ಇಬ್ಬರು

ಗಾಡಿ ಆರಿಸುವ ಕೆಲಸ ನಮ್ಮ ಮನೆಯಲ್ಲಿ ಮಳೆಗಾಲ ಮುಗಿದ ಮೇಲೆ ಶುರುವಾಯಿತು. ಇದ್ದ ಕಾರಿನಲ್ಲಿ ಐದು ಜನ ಕೂರಬಹುದಿತ್ತು, ನಾವಿರುವುದು ಏಳು ಜನ. ಅತ್ತೆ, ಭಾವ, ನಾನು ಅಕ್ಕ ಎಂದು ಕರೆಯುವ ಭಾವನ ಹೆಂಡತಿ, ಶಿವಮೊಗ್ಗದ ಹಾಸ್ಟೆಲಿನಲ್ಲಿರುವ ಅವರ ಮಗ, ನನ್ನ ಗಂಡ, ನಾನು, ಎರಡನೇ ಕ್ಲಾಸಿನ ನನ್ನ ಮಗಳು. ಮದುವೆಗೋ ಗೃಹಪ್ರವೇಶಕ್ಕೋ ಹೊರಟರೆ ಮಗಳನ್ನು ಕಾರಿನಲ್ಲಿ ಅವರ ಜೊತೆ ಕೂರಿಸಿ, ನಾನೂ ನನ್ನ ಗಂಡನೂ ಬೈಕಿನಲ್ಲಿ ಹಿಂದೆ ಹೋಗುತ್ತಿದ್ದೆವು. ಮೂರು ಸಾಲಿನ ದೊಡ್ಡ ಗಾಡಿ ತರೋಣ ಎಂದು ಭಾವ ಹೇಳಿದ ದಿನ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ ಇರಬೇಕು.

ಆಮೇಲೆ ಒಂದೆರಡು ತಿಂಗಳು ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಭಾವ ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಮೊಬೈಲು ನಿಲ್ಲಿಸಿಕೊಂಡು ಗಾಡಿಗಳ ವಿಡಿಯೊ ನೋಡುತ್ತಿದ್ದರು. ಗದ್ದೆಯ ದಾರಿಯಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ತಾಗಬಾರದು ಎನ್ನುವುದು ಅವರ ಷರತ್ತು. ಅತ್ತೆಗೆ ಒಂದು ಮಂಡಿ ಆಪರೇಷನ್ ಆಗಿದೆ, ಹತ್ತಲು ಕೆಳಗೊಂದು ಮೆಟ್ಟಿಲು ಬೇಕು. ಹಾಸ್ಟೆಲಿನ ಹುಡುಗ ಫೋನಿನಲ್ಲೇ ಮೇಲ್ಛಾವಣಿಯ ಗಾಜು ಬೇಕೆಂದ. ಅಕ್ಕ ಬಿಳಿ ಬಣ್ಣ ಬೇಡ, ಕೆಂಪು ಮಣ್ಣು ಎದ್ದು ಕಾಣುತ್ತದೆ ಎಂದರು. ಕೊನೆಯ ಸಾಲಿನಲ್ಲಿ ಕೂರುವವರು ಯಾರು ಎಂಬ ಪ್ರಶ್ನೆ ಮಾತ್ರ ಯಾರಿಂದಲೂ ಬರಲಿಲ್ಲ. ಅದು ಕೇಳುವ ವಿಷಯವೇ ಆಗಿರಲಿಲ್ಲ. ಮನೆಯ ಕಿರಿ ಸೊಸೆ, ಮನೆಯ ಕಿರಿ ಮಗು. ನನಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಷೋರೂಮಿನವನು ಗಾಡಿಯನ್ನು ಮನೆಗೇ ತಂದ. ಇಸ್ತ್ರಿ ಮಾಡಿದ ಅಂಗಿಯ ಮೆದು ಮಾತಿನ ಯುವಕ. ಸುಮ್ಮನೆ ಊರು ಸುತ್ತುವುದಕ್ಕಿಂತ ಆನವಟ್ಟಿಯ ಬೀಗರ ಮನೆಯ ಊಟಕ್ಕೆ ಇದರಲ್ಲೇ ಹೋಗೋಣ, ಎಲ್ಲರೂ ಕೂತರೆ ಎಳೆಯುತ್ತದೋ ಇಲ್ಲವೋ ತಿಳಿಯುತ್ತದೆ ಎಂದು ಭಾವ ಹೇಳಿದರು. ಅವನು ಮೊದಲು ಅನುಮಾನಿಸಿ, ಆಮೇಲೆ ಒಪ್ಪಿದ. ಬುಕ್ ಮಾಡುವ ಗಿರಾಕಿಯೆಂದು ಅವನಿಗೆ ಗೊತ್ತಿತ್ತು.

ಕೂತ ಕ್ರಮವನ್ನು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಸ್ಟೇರಿಂಗ್ ಹಿಡಿದವರು ಭಾವ, ಅವರ ಎಡಕ್ಕೆ ಷೋರೂಮಿನವನು. ನಡುವಿನ ಸಾಲು ಉದ್ದನೆಯ ಬೆಂಚಿನಂಥದು. ಅದರ ಎಡ ತುದಿಯಲ್ಲಿ ಅತ್ತೆ, ಮಧ್ಯೆ ನನ್ನ ಗಂಡ, ಬಲ ತುದಿಯಲ್ಲಿ ಅಕ್ಕ. ಎಡ ತುದಿಯ ಸೀಟನ್ನು ಮುಂದಕ್ಕೆ ಮಡಚಿ ಎತ್ತಿದರೆ ಮಾತ್ರ ಹಿಂದಿನ ಸಾಲಿಗೆ ದಾರಿ. ಷೋರೂಮಿನವನು ಒಂದು ಪಟ್ಟಿ ಎಳೆದು ಅದನ್ನು ಸಲೀಸಾಗಿ ಎತ್ತಿ ತೋರಿಸಿದ. ಮಗಳು ನುಸುಳಿದಳು, ನಾನು ಸೆರಗು ಹಿಡಿದುಕೊಂಡು ಬಗ್ಗಿ ಹೋದೆ. ಅವನು ಸೀಟನ್ನು ಮತ್ತೆ ಬಿಡಿಸಿ ಕೂರಿಸಿದ, ಅದರ ಮೇಲೆ ಅತ್ತೆ ಕೂತರು.

ಹೊರಟ ಕೂಡಲೇ ಗಾಡಿ ಪೀಂ ಪೀಂ ಎಂದು ಕೂಗತೊಡಗಿತು. ನಡುವಿನ ಸಾಲಿನವರು ಬೆಲ್ಟು ಹಾಕಿಲ್ಲ ಎಂದು ಅದರ ದೂರು. ನಮ್ಮ ಕಡೆ ಇದಕ್ಕೆ ಎಲ್ಲರೂ ಮಾಡುವ ಉಪಾಯ ಒಂದೇ. ಭಾವ ಅದನ್ನೇ ಹೇಳಿದರು, ಬೆಲ್ಟನ್ನು ಬೆನ್ನ ಹಿಂದಿನಿಂದ ತಂದು ಸಿಕ್ಕಿಸಿ, ಅದಕ್ಕೆ ಒರಗಿ ಕೂತುಬಿಡಿ ಎಂದು. ನನ್ನ ಗಂಡ ಅತ್ತೆಯ ಬೆಲ್ಟನ್ನೂ ಹಾಗೆಯೇ ಸಿಕ್ಕಿಸಿದರು. ಕೂಗು ನಿಂತಿತು. ಷೋರೂಮಿನವನು ಹಿಂದೆ ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿ ಕೂತ.

ತಾಳಗುಂದ ದಾಟಿದ ಮೇಲೆ ರಸ್ತೆಯಲ್ಲಿ ಅಲ್ಲಲ್ಲಿ ಒಕ್ಕಣೆ ಸಾಗಿತ್ತು. ಹುರುಳಿ ಕಿತ್ತು ತಂದು, ಬಳ್ಳಿಯ ಸಮೇತ ಡಾಂಬರಿನ ಮೇಲೆ ಹರಡುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಯಿ ಒಡೆದು ಕಾಳು ಉದುರುತ್ತದೆ. ಸಣ್ಣ ಕಾರಿನವರು ಬೈದುಕೊಂಡು ಅಂಚಿನಲ್ಲಿ ಹೋಗುತ್ತಾರೆ. ಬಸ್ಸು, ಲಾರಿ ಬಂದರೆ ಕಣದವರಿಗೆ ಖುಷಿ. ಒಂದು ತಿರುವಿನಲ್ಲಿ ಹಾಗೆ ಹರಡಿದ್ದವನು ಭಾವನಿಗೆ ಪರಿಚಯದ ರೈತ. ಗಾಡಿ ನಿಧಾನವಾದದ್ದೇ ಬಳ್ಳಿ ಮಗುಚುವ ಕವೆಗೋಲು ಹಿಡಿದು ಕಿಟಕಿಗೆ ಬಂದ.

"ಏನ್ ಗೌಡ್ರೆ, ಹೊಸಾ ಗಾಡಿ ತಗಂಡ್ರಾ?"

"ಇನ್ನೂ ಇಲ್ಲ ಮಾರಾಯ. ಓಡ್ಸಿ ನೋಡ್ತಿದೀವಿ."

"ಹಂಗಾರೆ ನಮ್ ಹುಳ್ಳಿ ಮ್ಯಾಲೆ ಓಡ್ಸಿ ನೋಡ್ರಿ. ಗಾಡಿ ತೂಕ ನಿಮಗೂ ಗೊತ್ತಾಗ್ತೈತೆ, ನಮ್ ಕೆಲ್ಸಾನೂ ಆಗ್ತೈತೆ."

ಅತ್ತೆ ನಕ್ಕರು. ಷೋರೂಮಿನವನು ಮಾತ್ರ, ಬೇಡ ಸಾರ್, ಬಳ್ಳಿ ಕೆಳಗೆ ಸಿಕ್ಕಿಕೊಳ್ಳುತ್ತದೆ ಎಂದ. ಕೆಳಗೆ ಇಷ್ಟು ಎತ್ತರ ಇದೆ ಎಂದು ಬೆಳಿಗ್ಗೆಯಿಂದ ಹೇಳುತ್ತಿರುವವರು ನೀವೇ ಅಲ್ಲವೇ ಎಂದು ಭಾವ ಕೇಳಿದರು. ಭಾವ ಹುರುಳಿಯ ಮೇಲೆ ಮುಂದೆ ಹೋದರು, ಹಿಂದೆ ಬಂದರು, ಮತ್ತೆ ಮುಂದೆ ಹೋದರು. ಪ್ರತಿಸಲ ರೈತನ ಹೆಂಡತಿ ಬಳ್ಳಿಯನ್ನು ಮಗುಚಿ ಹಾಕಿ ಪಕ್ಕಕ್ಕೆ ಸರಿಯುತ್ತಿದ್ದಳು. ಮುಂದೆ ಕೂತವರಿಗೆ ಇದೊಂದು ಆಟವಾಗಿತ್ತು. ನಮ್ಮ ಕಾಲ ಕೆಳಗೆ ಮಾತ್ರ ಬೇರೆ ಸದ್ದು ಬರುತ್ತಿತ್ತು, ಯಾರೋ ಗಟ್ಟಿ ಪೊರಕೆಯನ್ನು ತಗಡಿಗೆ ಉಜ್ಜುತ್ತಿರುವ ಹಾಗೆ. ಕಾಳು ಒಡೆಯುವ ಸದ್ದೇ ಇರಬೇಕೆಂದು ನಾನು ಎಣಿಸಿದೆ.

ಸಾಕೆಂದು ಭಾವ ಮುಂದೆ ಹೊರಟರು. ಪೊರಕೆಯ ಸದ್ದು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಆ ದಿನಗಳಲ್ಲಿ ಹೊಲದ ಬದುವಿನಲ್ಲಿ ಕಸ ಸುಡುವುದು ಇದ್ದೇ ಇರುತ್ತದೆ. ಆದರೂ ನನ್ನ ಗಂಡನ ಭುಜ ಮುಟ್ಟಿ ಹೇಳಿದೆ. ಹೊರಗಿನದು ಎಂದು ಅವರು ಗಾಜು ಏರಿಸಿಕೊಂಡರು. ಹಿಂದಿನ ಗಾಜಿನಲ್ಲಿ ನೋಡಿದರೆ ಆ ರೈತ ರಸ್ತೆಯಲ್ಲಿ ನಮ್ಮ ಹಿಂದೆ ಓಡಿ ಬರುತ್ತಿದ್ದ. ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದ. ಅವನು ಕರೆಯುತ್ತಿದ್ದಾನೆ ಎಂದು ನಾನು ಭಾವನಿಗೆ ಕೇಳುವಂತೆ ಹೇಳಿದೆ.

"ಇನ್ನೊಂದ್ ಸುತ್ತು ಹೊಡೀರಿ ಅಂತಾನೆ ಅವ್ನು," ಎಂದರು ಭಾವ. "ಊಟಕ್ಕೆ ತಡ ಆಗ್ತೈತೆ."

ಅಷ್ಟರಲ್ಲಿ ಓಡಿ ಬರುತ್ತಿದ್ದವನು ನನಗೆ ಕಾಣದಾದ. ಗಾಜಿನ ಆಚೆ ಧೂಳೆಂದು ನಾನು ನೋಡುತ್ತಿದ್ದುದು ಧೂಳಾಗಿರಲಿಲ್ಲ. ಅದು ಕೆಳಗಿನಿಂದ ಮೇಲಕ್ಕೆ ಏಳುತ್ತಿತ್ತು. ಹೊಗೆ ಎಂದು ನಾನು ಹೇಳಿದೆನೋ ಕಿರುಚಿದೆನೋ ನೆನಪಿಲ್ಲ. ಒಂದು ಮೋರಿಯ ಹತ್ತಿರ ಗಾಡಿ ನಿಂತಿತು.

ಮುಂದಿನ ಎರಡು ಬಾಗಿಲು ಒಟ್ಟಿಗೆ ತೆರೆದವು. ಅಕ್ಕ ತನ್ನ ಕಡೆಯಿಂದ ಇಳಿದು ಮೋರಿಯಾಚೆ ಓಡಿದರು. ನನ್ನ ಗಂಡ ಅವರ ಹಿಂದೆಯೇ ಇಳಿದು, ಸುತ್ತಿ ಬಂದು ಎಡ ಬಾಗಿಲು ತೆಗೆದು ಅತ್ತೆಯ ತೋಳು ಹಿಡಿದರು. ಅತ್ತೆ ಆಪರೇಷನ್ ಆದ ಕಾಲನ್ನು ಮೊದಲು ಹೊರಗಿಡಬೇಕು, ಆಮೇಲೆ ಇನ್ನೊಂದನ್ನು. ಅವರು ನಿಧಾನ ಮಾಡಲಿಲ್ಲ. ಅವರಿಗೆ ಆಗುವುದೇ ಅಷ್ಟು. ಅವರು ಇಳಿಯುವ ತನಕ ನನ್ನ ಎದುರು ಇದ್ದದ್ದು ಅವರ ಬೆನ್ನು, ಆ ಸೀಟಿನ ಬೆನ್ನು. ಕಾಲಡಿಯ ರತ್ನಗಂಬಳಿಯಂಥ ಹಾಸು ಬೆಚ್ಚಗಾಗುತ್ತಿರುವುದು ಚಪ್ಪಲಿಯೊಳಗೂ ತಿಳಿಯುತ್ತಿತ್ತು.

ಮಗಳು ಅಳಲಿಲ್ಲ. ಎಡಗಡೆಯ ಗೋಡೆಯನ್ನು ಅಂಗೈಯಲ್ಲಿ ಸವರಿದಳು. ಅಲ್ಲಿ ಲೋಟ ಇಡುವ ಗುಳಿ ಇತ್ತು, ತೆರೆಯಲಾಗದ ಸಣ್ಣ ಗಾಜು ಇತ್ತು.

"ಅಮ್ಮ, ನಮ್ಮ ಬಾಗ್ಲು ಯಾವ್ದು?"

ಈಗ ಅಪ್ಪ ತೆಗೆಯುತ್ತಾರೆ ಎಂದೆ. ನನ್ನ ಗಂಡ ಪಟ್ಟಿ ಎಳೆದರು. ಸೀಟು ಸ್ವಲ್ಪ ಬಾಗಿ ಅಲ್ಲೇ ನಿಂತಿತು. ಮತ್ತೆ ಎಳೆದರು, ಕಾಲಿನಿಂದ ಒದ್ದರು. ನಾನು ಹಿಂದಿನಿಂದ ಭುಜ ಕೊಟ್ಟು ತಳ್ಳಿದೆ. ಸಿಕ್ಕಿಸಿದ್ದ ಬೆಲ್ಟು ಸೀಟನ್ನು ಬಿಗಿಯಾಗಿ ಹಿಡಿದುಕೊಂಡಿತ್ತು, ನಾವು ತಳ್ಳಿದಷ್ಟೂ ಬಿಗಿಯುತ್ತಿತ್ತು. ಅದು ನಮ್ಮಿಬ್ಬರ ಕಣ್ಣಿಗೂ ಬೀಳಲಿಲ್ಲ. ನಾನು ಅದನ್ನು ಕೈಯಲ್ಲಿ ಮುಟ್ಟಿದ್ದೆ ಕೂಡ, ಆದರೆ ಅದೇ ಕಾರಣ ಎಂದು ಹೊಳೆಯಲಿಲ್ಲ. ಷೋರೂಮಿನವನು ಹಿಂಬಾಗಿಲು ತೆಗೆಯಲು ಹೋಗಿ, ಅದರ ಕೆಳಗೇ ಉರಿ ಕಂಡು ಹಿಂದೆ ಸರಿದವನು ಅಲ್ಲಿಂದಲೇ ಕೂಗಿದ: "ಬೆಲ್ಟ್ ಬಿಚ್ರಿ ಸಾರ್, ಬೆಲ್ಟ್!"

ನನ್ನ ಗಂಡ ಬೆಲ್ಟಿನ ಬುಡಕ್ಕೆ ಕೈ ಹಾಕಿದರು. ಕೆಂಪು ಗುಂಡಿ ಒತ್ತಿದ್ದು ನನಗೆ ಕೇಳಿಸಿತು. ಸೀಟು ಒಮ್ಮೆಲೇ ಎದ್ದು ಅವರ ಗಲ್ಲಕ್ಕೆ ಬಡಿಯಿತು. ಮಗಳನ್ನು ಮುಂದೆ ನೂಕಿದೆ, ಅವರು ಅವಳನ್ನು ಎಳೆದುಕೊಂಡರು. ನಾನು ಹೇಗೆ ಇಳಿದೆ ಎಂದು ಹೇಳಲಾರೆ. ಮೋರಿಯ ಕಲ್ಲಿನ ಮೇಲೆ ಕೂತಿದ್ದೆ, ಒಂದು ಕಾಲಿನ ಚಪ್ಪಲಿ ಇರಲಿಲ್ಲ ಎಂಬಲ್ಲಿಂದ ಮುಂದಿನದು ನೆನಪಿದೆ. ಒಂದು ನಿಮಿಷವೂ ಆಗಿರಲಿಲ್ಲ ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ಇರಬಹುದು.

ಬೆಂಕಿ ಆರಿಸಿದವರು ಆ ರೈತ ದಂಪತಿ. ಓಡಿ ಬಂದವನು ಕವೆಗೋಲನ್ನು ಗಾಡಿಯ ಅಡಿಗೆ ತೂರಿಸಿ ಉರಿಯುವ ಬಳ್ಳಿಯನ್ನು ಎಳೆದೆಳೆದು ಹಾಕಿದ. ಹಿಂದೆಯೇ ಓಡಿ ಬಂದ ಅವನ ಹೆಂಡತಿ ಪಕ್ಕದ ಹೊಲದ ಮಣ್ಣನ್ನು ಬುಟ್ಟಿಯಲ್ಲಿ ತಂದು ಎರಚಿದಳು. ಚಕ್ರದ ಅಚ್ಚಿಗೆ ಸುತ್ತಿಕೊಂಡ ಬಳ್ಳಿ ಬಿಸಿ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡಿದೆ ಎಂದು ಷೋರೂಮಿನವನು ಆಮೇಲೆ ಬಗ್ಗಿ ನೋಡಿ ಹೇಳಿದ. ಗಾಡಿಯ ಹಿಂಬದಿಯ ಅಡಿ ಕಪ್ಪಾಗಿತ್ತು, ಒಂದು ಕಡೆ ಪ್ಲಾಸ್ಟಿಕ್ ಕರಗಿ ಇಳಿದಿತ್ತು. ರೈತ ಪ್ರತಿಯೊಬ್ಬರ ಮುಂದೆಯೂ ಬಂದು ಕೈ ಮುಗಿದ. ನಿನ್ನದೇನಿದೆ ಬಿಡು ಎಂದು ಭಾವ ಹೇಳಿದರು. ಅವರ ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ಕಡೆ ಅವರು ನೋಡಲಿಲ್ಲ.

ವಾರದೊಳಗೆ ಅದು ಹೇಳುವ ಕಥೆಯಾಯಿತು. ಬಂದವರಿಗೆಲ್ಲ ಅಕ್ಕ ತಾನು ಓಡಿದ ರೀತಿಯನ್ನು ತಾನೇ ಆಡಿ ತೋರಿಸುತ್ತಿದ್ದರು, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮಗಳು ಮಾತ್ರ ಕಾರು ಹತ್ತುವುದನ್ನು ಬಿಟ್ಟಳು. ಶಾಲೆಯ ಆಟೋದಲ್ಲಿ ಅಂಚಿನಲ್ಲೇ ಕೂರುತ್ತೇನೆಂದು ಹಟ ಮಾಡಿ, ಡ್ರೈವರು ಬೀಳುತ್ತೀಯ ಎಂದು ಬೈದರೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಭಾವ ಎಲ್ಲರನ್ನೂ ಪಡಸಾಲೆಗೆ ಕರೆದರು. ಗಾಡಿಯ ತಪ್ಪೇನೂ ಇಲ್ಲ, ಓಡಿಸಿದ್ದು ನನ್ನ ತಪ್ಪು, ಅದೇ ಗಾಡಿಗೆ ಬುಕ್ ಮಾಡೋಣ ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು. ಅಕ್ಕ ಬಣ್ಣದ ಮಾತೆತ್ತಿದರು. ನನ್ನ ಗಂಡ ನೆಲ ನೋಡುತ್ತಿದ್ದರು. ಅವರ ಗಲ್ಲದ ಮೇಲಿನ ನೀಲಿ ಆಗ ಹಳದಿಗೆ ತಿರುಗಿತ್ತು. ಮದುವೆಯಾಗಿ ಬಂದಾಗಿನಿಂದ ನಾನು ಭಾವನ ಎದುರು ಕೇಳಿದ್ದಕ್ಕೆ ಉತ್ತರ ಹೇಳಿದ್ದೇನೆ, ನಾನಾಗಿ ಅವರೊಂದಿಗೆ ನೇರ ಮಾತೆತ್ತಿದ್ದಿಲ್ಲ. ಈಗ ಹೇಳದಿದ್ದರೆ ಆ ಸೀಟು ನನ್ನ ಮಗಳದೇ ಎಂದು ತಿಳಿದಿತ್ತು.

"ಹಿಂದಿನ ಸೀಟಲ್ಲಿ ನಾನೂ ಇವಳೂ ಕೂರಲ್ಲ ಭಾವ."

"ಮತ್ಯಾರ್ ಕೂರ್ಬೇಕೇ?" ಎಂದರು ಅತ್ತೆ. "ಈ ಮಂಡಿ ಇಟ್ಕಂಡು ನಾನಾ? ಸೊರಬದ ಕಡೇರಿಗೆ ಹೆದ್ರಿಕೆ ಜಾಸ್ತಿ ಕಣಪ್ಪ."

ನನ್ನ ತವರು ಸೊರಬದ ಕಡೆ. ಆ ಮಾತು ನನಗೆ ಹೊಸದಲ್ಲ. ಯಾರು ಬೇಕಾದರೂ ಕೂರಲಿ, ಆದರೆ ಗಾಡಿ ಗೊತ್ತು ಮಾಡುವ ಮೊದಲು ಒಮ್ಮೆ ಅಲ್ಲಿ ಕೂತು, ನಡುವಿನ ಸಾಲು ತುಂಬಿರುವಾಗ ಇಳಿದು ನೋಡಲಿ ಎಂದೆ. ಭಾವ ಎದ್ದು ಹೊರಗೆ ಹೋದರು. ಆ ರಾತ್ರಿ ಊಟಕ್ಕೆ ನಾನು ಬಡಿಸಿದಾಗ ಸಾಕು ಎನ್ನುವುದನ್ನೂ ಕೈಯಲ್ಲೇ ಹೇಳಿದರು. ಮುಂದಿನ ಕೆಲವು ದಿನ ಅತ್ತೆ ನನ್ನ ಹತ್ತಿರ ಮಾತಾಡಲಿಲ್ಲ. ನನ್ನ ಗಂಡ, ನೀನು ನನಗೆ ಹೇಳಬಹುದಿತ್ತು, ನಾನು ಹೇಳುತ್ತಿದ್ದೆ ಎಂದರು. ಹೇಳುತ್ತಿದ್ದರೋ ಏನೋ.

ಒಂದು ಬೆಳಿಗ್ಗೆ ಅದೇ ಷೋರೂಮಿನವನು ಎರಡು ಗಾಡಿಗಳನ್ನು ಅಂಗಳದಲ್ಲಿ ತಂದು ನಿಲ್ಲಿಸಿದ. ಒಂದು ಮೊದಲಿನದರ ಹಾಗೆ ಬೆಂಚಿನದು. ಇನ್ನೊಂದರಲ್ಲಿ ನಡುವೆ ಬಿಡಿಬಿಡಿಯಾದ ಎರಡೇ ಸೀಟು, ಅವುಗಳ ಮಧ್ಯೆ ಹಿಂದಿನಿಂದ ಮುಂದಕ್ಕೆ ಬರಲು ಸಂದು. ಅವನನ್ನು ಕರೆಸಿದ್ದು ಭಾವ ಎಂದು ನಮಗೆ ಆಗಲೇ ಗೊತ್ತಾದದ್ದು. ಅವರು ಯಾರಿಗೂ ಏನೂ ಹೇಳದೆ ಬೆಂಚಿನ ಗಾಡಿಯ ಸೀಟು ಎತ್ತಿಸಿ ಹಿಂದಕ್ಕೆ ನುಗ್ಗಿದರು. ದಪ್ಪ ಮೈ, ಎತ್ತರದ ಆಳು. ಮಂಡಿ ಎದೆಗೆ ಬಂತು. ನಡುವಿನ ಸಾಲಿನಲ್ಲಿ ಅತ್ತೆಯನ್ನೂ ತಮ್ಮನನ್ನೂ ಅಕ್ಕನನ್ನೂ ಹತ್ತಿಸಿದರು. ಬಾಗಿಲು ಹಾಕಿರಿ ಎಂದರು.

ನಾನೂ ಮಗಳೂ ಜಗುಲಿಯ ಮೇಲೆ ನಿಂತಿದ್ದೆವು. ಹಿಂದಿನ ಸಣ್ಣ ಗಾಜಿನಲ್ಲಿ ಅವರ ಮುಖ ಕಾಣುತ್ತಿತ್ತು. ಆಮೇಲೆ ಅವರ ಕೈ ಪಕ್ಕದ ಗೋಡೆಯ ಮೇಲೆ ಹರಿದಾಡಿತು, ಏನನ್ನೋ ಹುಡುಕುವ ಹಾಗೆ. ಮಗಳು ನನ್ನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಳಿಯುತ್ತೇನೆ ಎಂದು ಅವರು ಹೇಳಿರಬೇಕು, ಅತ್ತೆ ಏಳತೊಡಗಿದರು, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು. ಭಾವ ಕೆಳಗಿಳಿದಾಗ ಮುಖ ತುಂಬ ಬೆವರಿತ್ತು. ಇನ್ನೊಂದು ಗಾಡಿಗೆ ಹತ್ತಿ, ಹಿಂದೆ ಕೂತು, ಆ ಸಂದಿನಲ್ಲಿ ಅಡ್ಡಡ್ಡಲಾಗಿ ತೂರಿಕೊಂಡು ಹೊರಗೆ ಬಂದರು. ಯಾರೂ ನಗಲಿಲ್ಲ.

"ಇದೇ ಇರ್ಲಿ," ಎಂದರು.

ಇದರಲ್ಲಿ ಒಬ್ಬರಿಗೆ ಜಾಗ ಕಡಿಮೆ, ಆರೇ ಜನ ಎಂದು ಷೋರೂಮಿನವನು ನೆನಪಿಸಿದ. ಹುಡುಗ ರಜೆಗೆ ಬಂದರೆ ಯಾರು ಮನೆಯಲ್ಲಿ ಉಳಿಯುವುದು ಎಂದು ಅತ್ತೆ ಕೇಳಿದರು. ಕೇಳುತ್ತ ನನ್ನ ಕಡೆ ನೋಡಿದರು.

ಭಾವ ಟವೆಲಿನಲ್ಲಿ ಕತ್ತು ಒರೆಸಿಕೊಂಡರು. "ಆವಾಗ ನಾನು ಬಸ್ಸಿಗೆ ಬರ್ತೀನಿ ಬಿಡವ್ವ."

ಅವರು ಹಾಗೆ ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಹುಡುಗ ಇನ್ನೂ ರಜೆಗೆ ಬಂದಿಲ್ಲ. ಆ ಬೆಳಿಗ್ಗೆ ಎಲ್ಲರೂ ಹತ್ತಿ ಒಂದು ಸುತ್ತು ಹೋಗಿಬರೋಣ ಎಂದಾಗ ಮಗಳು ಜಗುಲಿಯಿಂದ ಇಳಿಯಲಿಲ್ಲ. ನಾನು ಹತ್ತು ಎನ್ನಲಿಲ್ಲ. ಭಾವ ಅವಳ ಹತ್ತಿರದ ಬಾಗಿಲನ್ನು ತೆರೆದಿಟ್ಟು, ಎಂಜಿನ್ ಆರಿಸಿ, ಅವಳು ಬಂದಾಗ ಹೊರಡೋಣ ಎಂದು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಮನೆಯೊಳಗೆ ಹೋದರು.